ಅಣ್ಣನನ್ನು ಕಂಬಳಿಯಲ್ಲಿ ಕಟ್ಟಿದ ಶುಕ್ರವಾರ

ನನ್ನ ಮೇಲಿನ ಸಾಲಿನ ಒಂದು ಹಲ್ಲು ಕೃತಕವಾದದ್ದು. ಅಸಲಿ ಹಲ್ಲನ್ನು ಮುರಿದವನು ನನ್ನ ಅಣ್ಣ. ಒಂದು ಆಗಸ್ಟ್ ತಿಂಗಳ ಶುಕ್ರವಾರ, ಊಟದ ಹೊತ್ತಿಗೆ, ಮಸ್ಕತ್ತಿನ ರೂವಿಯಲ್ಲಿರುವ ನನ್ನದೇ ಅಡುಗೆಮನೆಯ ಬಾಗಿಲಲ್ಲಿ, ಮುಷ್ಟಿ ಕಟ್ಟಿ ಹೊಡೆದ.

ಹೊಡೆತ ನನಗೆ ಹೊಸದಾಗಿರಲಿಲ್ಲ. ಊರಿನಲ್ಲಿ ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯುತ್ತಿದ್ದ. ಅವಳು ಬಿದ್ದ ಮೇಲೆ ಬೀಡಿ ಕಟ್ಟುವ ಮೊರವನ್ನು ಒದೆಯುತ್ತಿದ್ದ. ಎಲೆ, ಹೊಗೆಸೊಪ್ಪು ಎಲ್ಲ ನೆಲದ ಪಾಲಾದ ಮೇಲೂ ಕೈ ತುರಿಕೆ ನಿಲ್ಲದಿದ್ದರೆ ನನ್ನ ಪುಸ್ತಕದ ಚೀಲಕ್ಕೆ ಬರುತ್ತಿದ್ದ. ಆಗ ಅಡ್ಡ ನಿಲ್ಲುತ್ತಿದ್ದವನು ಅಣ್ಣ. ಬೆಲ್ಟಿನ ಬಕಲು ಬೆನ್ನಿಗೆ ಬೀಳುವಾಗಲೂ ನನ್ನ ಕಡೆ ತಿರುಗಿ, "ನೀನು ಓದು, ಈಚೆ ನೋಡ್ಬೇಡ" ಎನ್ನುತ್ತಿದ್ದ. ಎಂಟನೆಯ ಕ್ಲಾಸಿಗೆ ಅವನ ಶಾಲೆ ಮುಗಿಯಿತು. ಲಾರಿಯ ಕ್ಲೀನರ್ ಆದ, ಜೆಸಿಬಿ ಓಡಿಸಿದ, ಆಮೇಲೆ ಒಮಾನಿಗೆ ಬಂದು ಕ್ರೇನ್ ಹತ್ತಿದ. ನಾನು ಬಿ.ಫಾರ್ಮ ಮಾಡಿದೆ. ನಮ್ಮ ಎರಡೂ ಕಡೆಯ ಬಳಗದಲ್ಲಿ ಡಿಗ್ರಿ ಎಂದರೆ ನನ್ನದೇ ಮೊದಲನೆಯದು. ಇದನ್ನು ಹೇಳಲು ನನಗೆ ಸಂಕೋಚ ಇಲ್ಲ, ಹೇಳಬೇಕೆಂದೇ ಹೇಳುತ್ತೇನೆ. ಅಲ್ ಅಮೇರಾತಿನಲ್ಲಿ ನಾನು ಕೆಲಸ ಮಾಡುವ ಫಾರ್ಮಸಿಯ ಗೋಡೆಗೆ ನನ್ನ ಲೈಸೆನ್ಸನ್ನು ಕಟ್ಟು ಹಾಕಿಸಿ ತೂಗಿಸಿದ್ದಾರೆ. ಅಣ್ಣ ಬಂದಾಗಲೆಲ್ಲ ಅದರ ಮುಂದೆ ಕೈಕಟ್ಟಿ ನಿಂತು, ಓದಲು ಬಾರದ ಇಂಗ್ಲಿಷನ್ನು ಮೇಲಿಂದ ಕೆಳಗಿನವರೆಗೆ ಓದುತ್ತಾನೆ.

ಆ ಶುಕ್ರವಾರ ಅವನು ರುಸ್ತಾಕಿನ ಸೈಟಿನಿಂದ ಬೆಳಗಿನ ಬಸ್ಸಿಗೆ ಬಂದ. ಕೈಯಲ್ಲಿ ಜಿಪ್ಪಿನ ಪ್ಲಾಸ್ಟಿಕ್ ಚೀಲ, ಒಳಗೆ ಹುಲಿಯ ಚಿತ್ರದ ದಪ್ಪ ಕಂಬಳಿ. ಗಲ್ಫಿನಲ್ಲಿ ದುಡಿಯುವವರು ಊರಿಗೆ ಹೋಗುವ ಮೊದಲು ತಪ್ಪದೆ ಕೊಳ್ಳುವ ವಸ್ತು ಅದು. ನಮ್ಮ ಕರಾವಳಿಯ ಸೆಕೆಗೆ ಅದನ್ನು ಹೊದೆಯುವವರು ಯಾರೂ ಇಲ್ಲ. ಕಪಾಟಿನ ಮೇಲೆ ಚೀಲದಲ್ಲೇ ಕೂತಿರುತ್ತದೆ. ಬಂದವರಿಗೆ ಕಾಣಬೇಕು, ಅಷ್ಟೆ.

"ಅಮ್ಮನಿಗೆ," ಎಂದ. "ಲೀವ್ ಸಿಗುವವರೆಗೆ ಇಲ್ಲೇ ಇರ್ಲಿ."

ಅವನ ಮುಖ ನೋಡಿದೆ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ದವಡೆ ಬಿಗಿದಿತ್ತು. ಸೋಫಾದಲ್ಲಿ ಕೂತ, ಎದ್ದ, ಮತ್ತೆ ಕೂತ.

"ಎಂತ ಅಣ್ಣ, ಜ್ವರವಾ?"

"ಬಸ್ಸಿನ ಎಸಿ ಹಾಳಾಗಿತ್ತು ಮಾರಾಯ್ತಿ. ಒಳಗೇ ಬೆಂದು ಹೋದೆ."

ಕೆಲವು ದಿನ ಮೊದಲು ಕ್ರೇನಿನ ಏಣಿಯಲ್ಲಿ ಜಾರಿ ಅವನ ಭುಜ ಜಜ್ಜಿತ್ತು. ಕ್ಲಿನಿಕ್ಕಿಗೆ ತೋರಿಸಿದೆ ಎಂದು ಫೋನಿನಲ್ಲಿ ಹೇಳಿದ್ದ.

"ನೋವು ಉಂಟಾ ಇನ್ನೂ? ಯಾವ ಮಾತ್ರೆ ಕೊಟ್ಟಿದ್ದಾರೆ, ತೋರಿಸು."

"ನೋವಿಗೆ ನೋವಿನ ಮಾತ್ರೆ. ಇವತ್ತು ನಿನಗೆ ರಜೆ ಅಲ್ವಾ? ಅಂಗಡಿಯ ಬಾಗಿಲು ಹಾಕು."

ನನ್ನ ಗಂಡ ನಕ್ಕರು. "ಅವಳಿಗೆಲ್ಲಿ ರಜೆ ಭಾವ? ನಾನು ಕೆಮ್ಮಿದರೂ ಎಕ್ಸ್‌ಪೈರಿ ಡೇಟ್ ನೋಡ್ತಾಳೆ."

ಅಣ್ಣನೂ ನಕ್ಕ, ಆದರೆ ನಗು ಮುಗಿಯುವ ಮೊದಲೇ ಬಾತ್‌ರೂಮಿಗೆ ಓಡಿದ. ಮತ್ತೆ ಮತ್ತೆ ಓಡಿದ. ಹೊಟ್ಟೆ ಕೆಟ್ಟಿದೆ ಎಂದುಕೊಂಡು ನಾನು ಬಂಗುಡೆಯನ್ನು ಹೊರಗೆ ತೆಗೆಯದೆ ಫ್ರೀಜರಿನಲ್ಲೇ ಬಿಟ್ಟು, ಅವನಿಗೆ ಗಂಜಿ ಮಾಡಲು ಕುಕ್ಕರ್ ಇಟ್ಟೆ.

ಕುಕ್ಕರ್ ಸೀಟಿ ಹಾಕಿತು. ಅಣ್ಣ ಕಿರುಚಿದ.

"ಸ್ಲಿಂಗ್ ಹರಿಯಿತು! ಕೆಳಗೆ ಯಾರು? ಕೆಳಗೆ ಯಾರು ನಿಂತದ್ದು?"

ಓಡಿ ಬಂದವನು ಕುಕ್ಕರನ್ನು ಬರಿಗೈಯಲ್ಲಿ ಎತ್ತಿ ಗೋಡೆಗೆ ಬಡಿದ. ಹಿಡಿ ಮುರಿದು ಸಿಡಿಯಿತು, ಹಬೆ ಭುಸ್ಸೆಂದಿತು. ನಾನು ಅವನ ತೋಳು ಹಿಡಿದೆ. ಆಗಲೇ ಮುಷ್ಟಿ ಬಂದದ್ದು. ಬಾಯೊಳಗೆ ಏನೋ ಕಟಕ್ಕೆಂದು, ನಾಲಗೆಯ ಮೇಲೆ ಹಲ್ಲಿನ ಚೂರು, ರಕ್ತದ ಉಪ್ಪು. ಗಂಡ ಅಡ್ಡ ಬಂದರು. ಅವರನ್ನು ಎತ್ತಿ ಚಪ್ಪಲಿಯ ಸ್ಟ್ಯಾಂಡಿನ ಮೇಲೆ ಎಸೆದ. ಟಿವಿ ಬಿತ್ತು. ಬಾಲ್ಕನಿಯ ಗಾಜಿಗೆ ತಲೆ ಚಚ್ಚಿಕೊಂಡ. ಗಾಜು ಒಡೆಯಲಿಲ್ಲ, ಅವನ ಹಣೆ ಒಡೆಯಿತು. ಮಗಳು ಗೆಳತಿಯ ಮನೆಗೆ ಹೋಗಿದ್ದಳು, ಅದೊಂದು ಪುಣ್ಯ.

ಸದ್ದಿಗೆ ಇಬ್ಬರು ಓಡಿ ಬಂದರು. ಒಬ್ಬರು ಎದುರು ಫ್ಲ್ಯಾಟಿನ ಬಾಗಲಕೋಟೆಯ ಇಂಜಿನಿಯರ್. ಇನ್ನೊಬ್ಬರು ಮೇಲಿನ ಮಹಡಿಯ ಹಿರಿಯರು, ನಮ್ಮ ಕಡೆಯವರು, ಕಟ್ಟಡದ ತುಳುವರಿಗೆಲ್ಲ ಮಾವ. ಯಾರ ಮನೆಯ ಪಂಚಾಯಿತಿಗೂ ಅವರದೇ ಕೊನೆಯ ಮಾತು.

"ಏನ್ರೀ ಇದು! ಹಿಡೀರಿ, ಮೊದಲ ಹಿಡೀರಿ ಅವನ್ನ!" ಇಂಜಿನಿಯರ್ ಅಣ್ಣನ ಸೊಂಟಕ್ಕೆ ಬಿದ್ದರು. ಮೂವರೂ ಸೇರಿ ಕೆಡವಿದರು. ಗಂಡ ಎದೆಯ ಮೇಲೆ, ಇಂಜಿನಿಯರ್ ಕೈಗಳ ಮೇಲೆ, ಮಾವ ಕಾಲುಗಳ ಮೇಲೆ. ಅಣ್ಣ ಅವರ ಕೆಳಗೆ "ಬುಡ್ಲೆ, ಬುಡ್ಲೆ" ಎಂದು ತುಳುವಿನಲ್ಲಿ ಬಿಡಿ ಬಿಡಿ ಎಂದು ಬೊಬ್ಬೆ ಹೊಡೆಯುತ್ತಿದ್ದ.

"ಕುಡಿದಿದ್ದಾನೆ," ಮಾವ ತೀರ್ಪು ಕೊಟ್ಟರು. "ಬೆಳಗ್ಗೆಯೇ ಏರಿಸಿದ್ದಾನೆ."

ಕುಡುಕನನ್ನು ನನಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಕುಡಿದವನ ಮೈ ಸಡಿಲ. ಹೊಡೆತ ಅರ್ಧ ಗುರಿ ತಪ್ಪುತ್ತದೆ. ಅಣ್ಣನ ಮೈ ಎಳೆದು ಕಟ್ಟಿದ ತಂತಿಯಂತಿತ್ತು. ಬಾಯಲ್ಲಿ ವಾಸನೆ ಇರಲಿಲ್ಲ. ಚರ್ಮ ಮುಟ್ಟಿದರೆ ಕಾದ ಕಾವಲಿ.

"ಆಂಬುಲೆನ್ಸ್ ಕರೀರಿ," ಎಂದೆ, ರಕ್ತ ಉಗುಳುತ್ತ.

"ತಲೆ ಸರಿ ಉಂಟಾ ನಿನಗೆ?" ಮಾವ ಗದರಿದರು. "ಆಂಬುಲೆನ್ಸಿನ ಹಿಂದೆಯೇ ಶುರ್ತಾ ಬರ್ತಾರೆ. ಪೊಲೀಸ್ ಕಣ್ಣಿಗೆ ಇದೆಲ್ಲ ಬಿದ್ದರೆ ಕೇಸು. ಕೇಸ್ ಆದ್ರೆ ವೀಸಾ ಕೊಟ್ಟ ಕಫೀಲೇ ಅದನ್ನು ಕ್ಯಾನ್ಸಲ್ ಮಾಡಿ ಊರಿಗೆ ಅಟ್ಟುತ್ತಾನೆ. ಖಲಾಸ್. ಅಣ್ಣನ ಅನ್ನವನ್ನು ನೀನೇ ಕಸಿಯುದಾ?"

ಗಂಡ ನನ್ನ ಮುಖ ನೋಡಿದರು, ಮಾವನ ಮುಖ ನೋಡಿದರು. ಫೋನ್ ತೆಗೆಯಲಿಲ್ಲ. ಅವರನ್ನು ದೂರುವುದಿಲ್ಲ, ಇಲ್ಲಿ ದುಡಿಯುವ ಎಲ್ಲರ ಹೊಟ್ಟೆಯಲ್ಲೂ ಆ ಭಯ ಇರುತ್ತದೆ.

ಅಷ್ಟರಲ್ಲಿ ಅಣ್ಣನ ಮೈ ಗಡಗಡ ನಡುಗತೊಡಗಿತು. "ನೋಡ್ರಿ, ಥಂಡಿ ಹತ್ತೇತಿ," ಎಂದರು ಇಂಜಿನಿಯರ್. ಮಾವನ ಕಣ್ಣು ಮೂಲೆಯಲ್ಲಿದ್ದ ಚೀಲಕ್ಕೆ ಹೋಯಿತು. "ಚಳಿ ಜ್ವರ ನೆತ್ತಿಗೇರಿದೆ. ಬ್ಲಾಂಕೆಟ್ ಉಂಟಲ್ಲ, ತನ್ನಿ! ಸುತ್ತಿದರೆ ಚಳಿಯೂ ಬಿಡ್ತದೆ, ಕೈಕಾಲೂ ಆಡುದಿಲ್ಲ."

ಜಿಪ್ ಎಳೆದರು. ಅಮ್ಮನ ಕಂಬಳಿಯಲ್ಲಿ ಅಣ್ಣನನ್ನು ಚಾಪೆಯಂತೆ ಸುರುಳಿ ಸುತ್ತಿದರು. ಬಾಲ್ಕನಿಯ ಬಟ್ಟೆಯ ಹಗ್ಗ ಬಿಚ್ಚಿ ಎದೆಗೊಂದು, ಮೊಣಕಾಲಿಗೊಂದು ಬಿಗಿದರು. ಹುಲಿಯ ಮುಖ ಅವನ ಹೊಟ್ಟೆಯ ಮೇಲೆ ಬಂದು ಕೂತಿತು.

ಕಟ್ಟುವ ಗಡಿಬಿಡಿಯಲ್ಲಿ ಅವನ ಪ್ಯಾಂಟಿನ ಜೇಬಿನಿಂದ ಮಾತ್ರೆಯ ಹಾಳೆ ನೆಲಕ್ಕೆ ಬಿತ್ತು. ಎತ್ತಿಕೊಂಡೆ. ಟ್ರಮಡಾಲ್. ಅಫೀಮಿನ ಜಾತಿಗೆ ಸೇರಿದ ನೋವಿನ ಮಾತ್ರೆ. ಈ ದೇಶದಲ್ಲಿ ಅದನ್ನು ಬೀಗ ಹಾಕಿದ ಕಪಾಟಿನಲ್ಲಿ ಇಡುತ್ತೇವೆ. ಇರಬೇಕಾದದ್ದಕ್ಕಿಂತ ಹೆಚ್ಚು ಗುಳಿಗಳು ಖಾಲಿ. ಆದರೆ ಆ ಜಾತಿಯ ಮಾತ್ರೆ ಅತಿಯಾದರೆ ಮನುಷ್ಯ ತೂಕಡಿಸುತ್ತಾನೆ, ಉಸಿರು ನಿಧಾನವಾಗುತ್ತದೆ, ಕಣ್ಣಿನ ಪಾಪೆ ಸಾಸಿವೆಯಷ್ಟಾಗುತ್ತದೆ. ಅಣ್ಣನ ರೆಪ್ಪೆ ಎತ್ತಿ ನೋಡಿದೆ. ಪಾಪೆ ಕಣ್ಣು ತುಂಬ ಹರಡಿತ್ತು. ಕಂಬಳಿಯ ತುದಿಯಲ್ಲಿ ಹೊರಗೆ ಉಳಿದಿದ್ದ ಅವನ ಪಾದವನ್ನು ಹಿಡಿದು ಮೇಲಕ್ಕೆ ಒತ್ತಿದೆ. ಅದು ನನ್ನ ಅಂಗೈಯಲ್ಲಿ ತನ್ನಷ್ಟಕ್ಕೆ ಟಕಟಕ ಒದೆಯತೊಡಗಿತು, ನಿಲ್ಲಲೇ ಇಲ್ಲ.

ಕಾಲೇಜಿನ ಬೆಂಚು ನೆನಪಾಯಿತು. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಉಕ್ಕಿ ಹರಿದರೆ ಹೀಗಾಗುತ್ತದೆ: ಬೆವರು, ಭೇದಿ, ನಡುಕ, ಬಿಗಿತ, ಭ್ರಮೆ, ಸುಡುವ ಮೈ, ಹಿಗ್ಗಿದ ಪಾಪೆ, ತಾನಾಗಿ ಒದೆಯುವ ಪಾದ. ಟ್ರಮಡಾಲ್ ಒಂದೇ ಇಷ್ಟನ್ನು ಮಾಡುವುದು ಅಪರೂಪ. ಅದಕ್ಕೆ ಜೊತೆ ಬೇಕು. ಸಾಮಾನ್ಯವಾಗಿ ಆ ಜೊತೆ, ಖಿನ್ನತೆಗೆ ಕೊಡುವ ಮಾತ್ರೆ.

ನನ್ನ ಅಣ್ಣನಿಗೆ ಖಿನ್ನತೆ? ಬೆಲ್ಟಿಗೆ ಬೆನ್ನು ಕೊಟ್ಟವನಿಗೆ?

ಮಲಗುವ ಕೋಣೆಗೆ ಹೋಗಿ ಊರಿಗೆ ಫೋನ್ ಮಾಡಿದೆ. ಅತ್ತಿಗೆ ಎತ್ತಿದಳು.

"ಅಣ್ಣ ಮಾತ್ರೆ ಎಂತದ್ದು ತಿನ್ತಾನೆ ಅತ್ತಿಗೆ?"

"ಎಂತ ಮಾತ್ರೆ? ಎಂತದ್ದೂ ಇಲ್ಲ. ಯಾಕೆ, ಎಂತಾಯ್ತು?"

"ಸುಳ್ಳು ಹೇಳ್ಬೇಡ."

"ನೀನು ಪೊಲೀಸಿನವರ ಹಾಗೆ ಕೇಳ್ತಿ ಅಲ್ಲ! ಬಿಪಿದ್ದು ಒಂದು ಇರ್ಬೇಕು..."

"ಅತ್ತಿಗೆ, ಅವನು ನೆಲದಲ್ಲಿ ಬಿದ್ದಿದ್ದಾನೆ. ಹೀಗೇ ಇದ್ದರೆ ಉಳಿಯುದಿಲ್ಲ. ಹೇಳು."

ಅವಳು ಅಳತೊಡಗಿದಳು. "ಮಕ್ಕಳ ತಲೆ ಮುಟ್ಟಿಸಿ ಆಣೆ ಹಾಕಿಸಿದ್ದಾರೆ ನನಗೆ. ನಿನಗಂತೂ ಹೇಳ್ಲೇ ಬಾರದು ಅಂತ. 'ನನ್ನ ತಂಗಿಯನ್ನು ನಾನು ಓದಿಸಿದ್ದು, ಅವಳ ಎದುರು ನಾನು ತಲೆ ಕೆಟ್ಟವ ಆಗುದಿಲ್ಲ' ಅಂತ."

"ಹೆಸರು ಹೇಳು ಅತ್ತಿಗೆ."

ಮನೆಯಲ್ಲಿ ಉಳಿದಿದ್ದ ಮಾತ್ರೆಯ ಹಾಳೆಯನ್ನು ಹುಡುಕಿ ತಂದು ಒಂದೊಂದೇ ಇಂಗ್ಲಿಷ್ ಅಕ್ಷರ ಓದಿದಳು. ಪ್ಯಾರಾಕ್ಸಿಟಿನ್. ಹಿಂದಿನ ವರ್ಷ ಅವನ ಕ್ರೇನಿನಿಂದ ಕಬ್ಬಿಣದ ಸರಳಿನ ಕಟ್ಟು ಬಿದ್ದು ಕೆಳಗಿದ್ದ ಒಬ್ಬನ ಸೊಂಟ ಜಜ್ಜಿಹೋಗಿತ್ತು. ಹರಿದದ್ದು ಭಾರ ಕಟ್ಟಿ ಎತ್ತುವ ಸ್ಲಿಂಗ್, ತಪ್ಪು ಅವನದಲ್ಲ ಎಂದು ವಿಚಾರಣೆಯಲ್ಲಿ ಸಾಬೀತಾಗಿತ್ತು. ಆದರೂ ಅವನಿಗೆ ನಿದ್ದೆ ಬಾರದಾಯಿತು, ಅನ್ನ ಸೇರದಾಯಿತು. ರಜೆಯಲ್ಲಿ ಊರಿಗೆ ಹೋದಾಗ ಮಂಗಳೂರಿನ ಮನೋವೈದ್ಯರು ಕೊಟ್ಟ ಮಾತ್ರೆ ಇದು, ಎಂದಳು ಅತ್ತಿಗೆ. ಅದರಿಂದ ಅವನು ಮತ್ತೆ ಕ್ರೇನ್ ಹತ್ತುವಂತಾಗಿದ್ದ.

ಎಲ್ಲ ಒಟ್ಟಿಗೆ ಅರ್ಥವಾಯಿತು. ಪ್ಯಾರಾಕ್ಸಿಟಿನ್ ಯಕೃತ್ತಿನಲ್ಲಿ ಟ್ರಮಡಾಲಿನ ದಾರಿಗೆ ಅಡ್ಡ ಕೂರುತ್ತದೆ. ನೋವನ್ನು ಕೊಲ್ಲುವ ರೂಪಕ್ಕೆ ಅದು ತಿರುಗುವುದಿಲ್ಲ. ಭುಜದ ನೋವು ಇಳಿಯುವುದಿಲ್ಲ. ಇಳಿಯದ್ದಕ್ಕೆ ಇವನು ಒಂದರ ಜಾಗದಲ್ಲಿ ಎರಡು ನುಂಗಿದ್ದಾನೆ. ನುಂಗಿದಷ್ಟೂ ಸೆರೊಟೋನಿನ್ ಏರಿದೆ.

ಇಷ್ಟು ಸಾಲದ್ದಕ್ಕೆ ಕಂಬಳಿ. ಈ ಜ್ವರ ಸೋಂಕಿನದಲ್ಲ, ನಡುಕ ಚಳಿಯದಲ್ಲ. ಸ್ನಾಯುಗಳು ಬಿಗಿದು ಬಿಗಿದು ಒಳಗೇ ಬೆಂಕಿ ಹಾಕುತ್ತವೆ. ಹಿಡಿದು ಒತ್ತಿದಷ್ಟೂ ಅವನು ಒದ್ದಾಡುತ್ತಾನೆ, ಒದ್ದಾಡಿದಷ್ಟೂ ಕಾಯುತ್ತಾನೆ. ಅವರು ಅವನನ್ನು ಉಳಿಸುತ್ತಿದ್ದೇವೆ ಎಂದುಕೊಂಡು ಬೇಯಿಸುತ್ತಿದ್ದರು.

ಅಡುಗೆಮನೆಯಿಂದ ಮೀನು ಕೊಯ್ಯುವ ಚೂರಿ ತಂದೆ.

"ಎದ್ದೇಳಿ ಮೇಲಿಂದ."

"ಚೂರಿ ಕೆಳಗಿಡು," ಎಂದರು ಮಾವ. "ಹೆಂಗಸು ನೀನು, ಒಳಗೆ ಹೋಗು."

"ಮಾವ, ಇದು ಎರಡು ಮಾತ್ರೆ ಸೇರಿ ಆದದ್ದು. ಕಂಬಳಿ ತೆಗೀದಿದ್ರೆ ಅವನು ಸಾಯ್ತಾನೆ."

"ಅಂಗಡಿಯಲ್ಲಿ ಮಾತ್ರೆ ಮಾರುವವಳು ನೀನು, ಡಾಕ್ಟರಲ್ಲ! ನಾಲ್ಕು ಅಕ್ಷರ ಕಲ್ತದ್ದೇ ತಡ, ದೊಡ್ಡವರಿಗೆ ಬುದ್ಧಿ ಹೇಳ್ಲಿಕ್ಕೆ ಬರ್ತಾಳೆ."

"ಹೌದು, ಮಾರುವವಳೇ. ನೀವು ಕಂಬಳಿಯಲ್ಲಿ ಕಟ್ಟಿದ್ದು ಎಂತ ಕಾಯಿಲೆಯನ್ನು ಅಂತ ಆ ನಾಲ್ಕು ಅಕ್ಷರ ಕಲ್ತದ್ದಕ್ಕೇ ಗೊತ್ತಾದ್ದು."

ಬಗ್ಗಿ ಎದೆಯ ಹಗ್ಗಕ್ಕೆ ಚೂರಿ ಹಾಕಿದೆ. ಮಾವ ನನ್ನ ಮಣಿಕಟ್ಟು ಹಿಡಿದು ತಿರುವಿದರು. ಚೂರಿ ಬಿತ್ತು. ನನಗೆ ಬೇರೆ ಆಯುಧ ಇರಲಿಲ್ಲ. ಅವರ ಕೈಗೆ ಬಾಯಿ ಹಾಕಿ ಕಚ್ಚಿದೆ. ಮುರಿದ ಹಲ್ಲಿನ ಚೂಪು ಅವರ ಚರ್ಮಕ್ಕೆ ಇಳಿದದ್ದು ನನಗೆ ಗೊತ್ತಾಯಿತು, ಆದರೂ ಬಿಡಲಿಲ್ಲ. ಅವರು ಕೂಗಿ ಇನ್ನೊಂದು ಕೈಯಿಂದ ನನ್ನ ಕೆನ್ನೆಗೆ ಬಾರಿಸಿದರು.

ಆಗ ನನ್ನ ಗಂಡ ಎದ್ದರು. ದನಿ ಎತ್ತದ ಮನುಷ್ಯ. ಮಾವನ ಅಂಗಿಯ ಕಾಲರು ಹಿಡಿದು ಎಳೆದು ಗೋಡೆಗೆ ಒರಗಿಸಿ, "ಇನ್ನೊಂದು ಸಲ ಅವಳ ಮೇಲೆ ಕೈ ಎತ್ತಿದ್ರೆ ಮೆಟ್ಟಿಲಿಂದ ಕೆಳಗೆ ಎಸೀತೇನೆ," ಎಂದರು. ಹೇಳುತ್ತಲೇ ಇನ್ನೊಂದು ಕೈಯಲ್ಲಿ ಆಂಬುಲೆನ್ಸಿಗೆ ಫೋನ್ ಹಚ್ಚಿದರು.

ನಾನು ಹಗ್ಗ ಕೊಯ್ದೆ. ಹುಲಿಯ ಹೊಟ್ಟೆಯನ್ನೂ ಉದ್ದಕ್ಕೆ ಸೀಳಿದೆ. ಒಳಗಿಂದ ಹೊರಬಂದ ಶಾಖ ಒಲೆಯ ಬಾಯಿಯದು. ಅಣ್ಣನ ಕಾಲು ಝಾಡಿಸಿ ಇಂಜಿನಿಯರ್ ಪಕ್ಕೆಗೆ ಬಿತ್ತು. ಅವರು "ಅಯ್ಯಯ್ಯೋ ಸತ್ನೆಪಾ" ಎಂದು ಉರುಳಿದರೂ ಓಡಿಹೋಗಲಿಲ್ಲ. "ಅಕ್ಕಾರ, ಏನ್ ಮಾಡ್ಬೇಕ್ ಹೇಳ್ರಿ, ಮಾಡ್ತೀನಿ," ಎಂದರು.

"ಒತ್ತಿ ಹಿಡೀಬೇಡಿ. ತಲೆ ಮಾತ್ರ ನೆಲಕ್ಕೆ ಬಡಿಯದ ಹಾಗೆ ನೋಡಿ. ಎಸಿ ಪೂರ್ತಿ ಇಳಿಸಿ. ನೀರು ತನ್ನಿ, ಗೀಸರಿನದ್ದು."

"ಗೀಸರಿಂದಾ?"

"ಗೀಸರಿನದ್ದೇ!"

ಇಲ್ಲಿ ಬೇಸಿಗೆಯಲ್ಲಿ ನಲ್ಲಿಗಳ ಗುಣ ಅದಲುಬದಲು. ತಣ್ಣೀರಿನ ನಲ್ಲಿಯಲ್ಲಿ ತಾರಸಿಯ ಟ್ಯಾಂಕಿನ ಸುಡುನೀರು ಬರುತ್ತದೆ. ಸ್ವಿಚ್ ಆರಿಸಿಟ್ಟ ಗೀಸರಿನೊಳಗೆ ನಿಂತ ನೀರೇ ತಂಪು. ಇಂಜಿನಿಯರಿಗೆ ಥಟ್ಟನೆ ಹೊಳೆದು ಬಾಲ್ದಿ ಹಿಡಿದು ಓಡಿದರು. ಒದ್ದೆ ಟವೆಲ್ ಹೊದಿಸಿದೆವು. ಫ್ರೀಜರಿನ ಬಂಗುಡೆಯ ಪ್ಯಾಕೆಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ, ತೊಡೆಯ ಸಂದಿಗೆ ಇಟ್ಟೆ. ಅಣ್ಣ ಹಲ್ಲು ಕಡಿಯುತ್ತಿದ್ದ. ಬಾಯಿಗೆ ಹನಿ ನೀರೂ ಹಾಕಲಿಲ್ಲ, ಉಸಿರುನಾಳಕ್ಕೆ ಇಳಿದೀತೆಂದು.

ಮಾವ ಯಾವಾಗ ಮೆಟ್ಟಿಲು ಹತ್ತಿ ಹೋದರೋ ಯಾರೂ ನೋಡಲಿಲ್ಲ.

ಆಂಬುಲೆನ್ಸ್ ಬಂತು, ಮಾವ ಹೇಳಿದಂತೆ ಒಬ್ಬ ಪೊಲೀಸನೂ ಬಂದ. ಒಡೆದ ಟಿವಿ, ರಕ್ತ, ಚೂರಿ, ನನ್ನ ಬಾಯಿ, ಎಲ್ಲವನ್ನೂ ನೋಡಿ "ಸಕ್ರಾನ್?" ಎಂದು ಕೇಳಿದ. ಕುಡಿದಿದ್ದಾನಾ ಎಂದು.

"ಲಾ. ದವಾ," ಎಂದೆ. ಇಲ್ಲ, ಔಷಧ. ಕೌಂಟರಿನಲ್ಲಿ ಕಲಿತ ಅರಬ್ಬಿಯೆಲ್ಲ ಒಟ್ಟುಗೂಡಿಸಿ ಎರಡು ಮಾತ್ರೆಗಳ ಹೆಸರನ್ನೂ ಹೇಳಿದೆ. ಅವನು ನನ್ನನ್ನೊಮ್ಮೆ, ಅಣ್ಣನ ಕಂಕುಳಿನ ಮೀನನ್ನೊಮ್ಮೆ ನೋಡಿದ. ಆಮೇಲೆ ತಾನೇ ಬಾಗಿ ಸ್ಟ್ರೆಚರಿನ ಒಂದು ತುದಿ ಎತ್ತಿದ. "ಯಲ್ಲಾ, ಯಲ್ಲಾ," ಎಂದು ಮೆಟ್ಟಿಲಲ್ಲಿ ದಾರಿ ಬಿಡಿಸಿದ. ಕೇಸೂ ಇಲ್ಲ, ಏನೂ ಇಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ನಾನು ಹೇಳಿದ ಎರಡು ಹೆಸರು ಕೇಳಿ ಮೂರನೆಯ ಪ್ರಶ್ನೆ ಕೇಳಲಿಲ್ಲ. ಸ್ನಾಯು ಸಡಿಲವಾಗುವ, ಮಂಪರು ಬರಿಸುವ ಚುಚ್ಚುಮದ್ದು ಕೊಟ್ಟರು. ಮತ್ತೆ ಕೊಟ್ಟರು. ಐಸಿಯುಗೆ ಒಯ್ದು ಮೂಗಿನ ನಳಿಗೆಯಲ್ಲಿ ಸೈಪ್ರೊಹೆಪ್ಟಡಿನ್ ಅರೆದು ಹಾಕಿದರು. ಅದೇ ಔಷಧವನ್ನು ನಮ್ಮೂರಿನಲ್ಲಿ ಅನ್ನ ತಿನ್ನದ ಮಕ್ಕಳಿಗೆ ಹಸಿವಿನ ಸಿರಪ್ ಎಂದು ತಾಯಂದಿರು ಕೊಳ್ಳುತ್ತಾರೆ. ಅದು ಸೆರೊಟೋನಿನ್ನನ್ನೂ ತಡೆಯುತ್ತದೆ. ನಾನು ಹೊರಗೆ ಕೂತು, ಒಂದು ತಡೆಯುವ ಔಷಧಕ್ಕೂ ಇನ್ನೊಂದು ಉಕ್ಕಿಸುವ ಔಷಧಕ್ಕೂ ನಡುವೆ ಅಣ್ಣ ಯಾವ ಕಡೆ ಬೀಳುತ್ತಾನೆಂದು ಕಾದೆ. ಮಾರನೆಯ ದಿನ ಮೈ ತಣಿಯಿತು. ಪಾದ ಒದೆಯುವುದು ನಿಂತಿತು.

ಅವನು ಕಣ್ಣು ಬಿಟ್ಟಾಗ ನಾನು ಎದುರಿಗಿದ್ದೆ. ನನ್ನ ಊದಿದ ತುಟಿ, ಹಲ್ಲಿನ ಜಾಗದ ಕಿಂಡಿ ನೋಡಿದ. ದನಿ ಸರಿಯಾಗಿ ಏಳುತ್ತಿರಲಿಲ್ಲ, ಆದರೂ ಮುಷ್ಟಿ ಬಿಗಿದ. ಕಣ್ಣು ನನ್ನ ಗಂಡನ ಕಡೆ ತಿರುಗಿತು.

"ಯಾರು ಹೊಡೆದದ್ದು ನಿನಗೆ?"

ನನ್ನ ಜಾಗದಲ್ಲಿ ಅಮ್ಮ ಇದ್ದಿದ್ದರೆ ಬಾಗಿಲು ತಾಗಿತು ಎನ್ನುತ್ತಿದ್ದಳು. ನೆರೆಮನೆಯವರಿಗೆ, ಟೀಚರಿಗೆ, ಡಾಕ್ಟರಿಗೆ, ಎಲ್ಲರಿಗೂ ಅವಳ ಉತ್ತರ ಅದೊಂದೇ. ನನಗೆ ಆ ಬಾಗಿಲು ಸಾಕಾಗಿತ್ತು.

"ನೀನೇ," ಎಂದೆ. "ಮಾತ್ರೆಯ ಅಮಲಿನಲ್ಲಿ. ಎರಡು ಮಾತ್ರೆ ಅಣ್ಣ. ಒಂದನ್ನು ನನ್ನಿಂದ ಅಡಗಿಸಿಟ್ಟಿದ್ದಿ."

ಅವನು ಗೋಡೆಯ ಕಡೆ ತಿರುಗಿದ. ಬೆಲ್ಟಿಗೆ ಅಳದವನ ಬೆನ್ನು ಆಗ ಅಳುತ್ತಿತ್ತು. ಹಾಗೇ ಗೋಡೆಗೆ ಮುಖ ಮಾಡಿ ಹೇಳಿದ: ಕ್ಲಿನಿಕ್ಕಿನ ಡಾಕ್ಟರು ಕೇಳಿದ್ದರಂತೆ, ಬೇರೆ ಯಾವ ಮಾತ್ರೆ ತಗೊಳ್ತೀಯ ಎಂದು, ಎರಡು ಸಲ. ಆದರೆ ಸೈಟಿನವರು ಡಾಕ್ಟರ ಬಳಿ ಹೋಗುವಾಗ ಕ್ಯಾಂಪಿನ ಸೂಪರ್‌ವೈಸರ್ ಒಳಗೂ ಬರುತ್ತಾನೆ. ಭಾಷೆ ಬಾರದವರ ಮಾತನ್ನು ಡಾಕ್ಟರಿಗೆ ತಿಳಿಸಿ ಹೇಳಲು. ಪಕ್ಕದ ಕುರ್ಚಿಯಲ್ಲೇ ಕೂರುತ್ತಾನೆ. "ಅವನ ಎದುರು ಹೇಗೆ ಹೇಳುದು? ಮಂಡೆಯ ಮಾತ್ರೆ ತಿನ್ನುವವನನ್ನು ಕ್ರೇನಿಗೆ ಹತ್ತಿಸ್ತಾರಾ?"

ಪ್ಯಾರಾಕ್ಸಿಟಿನ್ ಅವನ ಶತ್ರು ಅಲ್ಲ. ಕ್ರೇನ್ ಏಣಿ ಹತ್ತಿಸಿದ್ದೇ ಅದು. ಟ್ರಮಡಾಲ್ ಕೂಡ ಅಲ್ಲ. ಇನ್ನೊಬ್ಬರ ಭುಜಕ್ಕೆ ಅದು ಒಳ್ಳೆಯದೇ. ಇದನ್ನು ಅವನಿಗೆ ಬಿಡಿಸಿ ಹೇಳಿದೆ. ಮನಸ್ಸಿನ ಮಾತ್ರೆಯನ್ನು ಹೆದರಿ ತಾನಾಗಿ ಬಿಸಾಡಬಾರದು, ಯಾವಾಗ ಮತ್ತೆ ಶುರು ಮಾಡುವುದೆಂದು ಡಾಕ್ಟರೇ ಹೇಳಬೇಕು ಎಂದೂ ಹೇಳಿದೆ. ಅವನು ಊಟದ ತಟ್ಟೆ ಖಾಲಿ ಮಾಡಿ ನನ್ನ ಗಂಡನ ತಟ್ಟೆಗೆ ಕೈ ಹಾಕುತ್ತ ಎಲ್ಲ ಕೇಳಿಸಿಕೊಂಡ. ಹಸಿವಿನ ಸಿರಪ್ಪಿನ ಔಷಧ ತನ್ನ ಇನ್ನೊಂದು ಕೆಲಸವನ್ನೂ ಮರೆತಿರಲಿಲ್ಲ.

ಡಿಸ್ಚಾರ್ಜಿನ ಮೊದಲು ಡಾಕ್ಟರಮ್ಮ ಅವನನ್ನು ತಮ್ಮ ಕೋಣೆಗೆ ಕರೆದರು. ರುಸ್ತಾಕಿನಿಂದ ಸೂಪರ್‌ವೈಸರ್ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. ಕೆಟ್ಟ ಮನುಷ್ಯ ಅಲ್ಲ. ವಾಡಿಕೆಯಂತೆ ಅಣ್ಣನ ಹಿಂದೆಯೇ ಹೆಜ್ಜೆ ಒಳಗಿಟ್ಟ. ನಾನು ಅವನ ಎದೆಗೆ ಅಂಗೈ ಒತ್ತಿ ಹೊರಗೆ ನೂಕಿದೆ. ಅವನು ಜೋಲಿ ತಪ್ಪಿದ, ಚೀಲದ ಕಿತ್ತಳೆಗಳು ಕಾರಿಡಾರಿನುದ್ದಕ್ಕೆ ಉರುಳಿದವು. "ಕ್ಯಾ ಹುವಾ ಮೇಡಂ?" ಎಂದ. ಬಾಗಿಲು ಹಾಕಿ ಚಿಲಕ ಎಳೆದೆ.

ಡಾಕ್ಟರಮ್ಮ ಎಲ್ಲ ಗೊತ್ತಿದ್ದೂ ಕ್ರಮದಂತೆ ಕೇಳಿದರು, ಹಿಂದಿಯಲ್ಲಿ: ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ?

ನಾನು ಬಾಯಿ ತೆರೆಯಲು ಹೊರಟೆ. ಅಣ್ಣ ನನ್ನ ಮೊಣಕೈ ಹಿಡಿದು ತಡೆದ.

"ನೀನು ಸುಮ್ಮನಿರು, ನಾನೇ ಹೇಳ್ತೇನೆ," ಎಂದ. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ನನ್ನ ಲೈಸೆನ್ಸಿನ ಮುಂದೆ ನಿಲ್ಲುವಂತೆ ಕೈಕಟ್ಟಿ ನಿಂತು, ಆ ಮಾತ್ರೆಯ ಹೆಸರನ್ನು ಒಂದೊಂದೇ ಅಕ್ಷರವಾಗಿ, ಬಾಗಿಲಾಚೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ.